ನೆಟ್ಟ ಗಿಡಕ್ಕೆ ಮೂರು ಬೇಸಿಗೆ: ಸ್ವಯಂಸೇವಕರ ಕೆಲಸದ ಪಟ್ಟಿ ತಿದ್ದಿಕೊಡಿ

(ವೇದಿಕೆಯೊಂದರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಕೆರೆದಂಡೆ

ಬರುವ ಮಳೆಗಾಲಕ್ಕೆ ಕೆರೆಯ ಸುತ್ತ 240 ಸ್ಥಳೀಯ ಜಾತಿಯ ಗಿಡ ನೆಡಬೇಕೆಂದಿದೆ. ಊರು ಕೋಲಾರದ ಕಡೆ. ಒಂದಡಿ ಕೆಂಪು ಮಣ್ಣು, ಕೆಳಗೆ ಗರಸು. ಹೊಂಗೆ, ನೇರಳೆ, ಹೊಳೆಮತ್ತಿ, ಅತ್ತಿ, ಹಿಪ್ಪೆ, ಬೇವು, ಹೊನ್ನೆ, ಕಕ್ಕೆ, ಜತೆಗೆ ಸ್ವಲ್ಪ ಆಲ, ಅರಳಿ. 8×12 ಇಂಚಿನ ನರ್ಸರಿ ಚೀಲದ ಗಿಡಗಳು, ನಾಲ್ಕೈದು ಅಡಿ ಎತ್ತರ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೆಲಸಕ್ಕೆ ಎಂಟು ಹತ್ತು ಜನ ಸಿಗುತ್ತಾರೆ. ಅವರಿಗೆ ಹಂಚಲು ಮಾಡಿದ ಪಟ್ಟಿ ಇದು, ಹೆಚ್ಚುಕಮ್ಮಿ ಎಲ್ಲ ಕಡೆ ಓಡಾಡುತ್ತಿರುವ ಪಟ್ಟಿಯೇ. ಮುಲಾಜಿಲ್ಲದೆ ತಿದ್ದಿ.

1. ಜೂನ್ 5ಕ್ಕೆ ಎಲ್ಲ ಗಿಡ ನಾಟಿ.
2. ಒಂದೂವರೆ ಅಡಿ ಗುಂಡಿ, ಅರ್ಧ ಸಗಣಿ, ಅರ್ಧ ಮಣ್ಣು.
3. ಕೋಲು ನೆಟ್ಟು ನೈಲಾನ್ ದಾರದಲ್ಲಿ ಬಿಗಿಯಾಗಿ ಕಟ್ಟುವುದು.
4. ದಿನ ಬಿಟ್ಟು ದಿನ ಎರಡು ಲೀಟರ್ ನೀರು.
5. ವರ್ಷದ ಕೊನೆಗೆ ಒಣಗಿದ್ದನ್ನು ಕಿತ್ತು ಹೊಸದು ಹಾಕುವುದು. ಆಮೇಲೆ ಗಿಡ ತನ್ನ ಪಾಡಿಗೆ ಬೆಳೆಯುತ್ತದೆ.

ಗುದ್ದಲಿಪೂಜೆ

ಐದೂ ಅಂಶ ತಿದ್ದಬೇಕು. ಅದಕ್ಕೂ ಮೊದಲು ತಿದ್ದಬೇಕಾದದ್ದು 240 ಎಂಬ ಸಂಖ್ಯೆ. ಎಷ್ಟು ಗಿಡ ನೆಡಬಹುದು ಎಂಬುದನ್ನು ಜೂನ್ ತಿಂಗಳಲ್ಲಿ ಸಿಗುವ ಕೈಗಳ ಮೇಲೆ ಲೆಕ್ಕ ಹಾಕಬಾರದು, ಏಪ್ರಿಲ್‌ನಲ್ಲಿ ಸಿಗುವ ನೀರಿನ ಮೇಲೆ ಹಾಕಬೇಕು.

ಕೆಂಪು ಮಣ್ಣಿನಲ್ಲಿ ಮೊದಲ ಬೇಸಿಗೆಗೆ, ಅಂದರೆ ಫೆಬ್ರವರಿಯಿಂದ ಮೇ ಕೊನೆವರೆಗೆ, ಒಂದು ಗಿಡಕ್ಕೆ ವಾರಕ್ಕೊಮ್ಮೆ 15 ಲೀಟರ್. 240 ಗಿಡಕ್ಕೆ ವಾರಕ್ಕೆ 3,600 ಲೀಟರ್. ನೀರು 50 ಮೀಟರ್ ಒಳಗೆ ಸಿಕ್ಕರೆ, ಎರಡು ಕೈಯಲ್ಲಿ ಎರಡು ಕ್ಯಾನ್ ಹಿಡಿದು ನಿಧಾನವಾಗಿ ಉಣಿಸುವವರು ಗಂಟೆಗೆ ಸುಮಾರು 12 ಗಿಡ ಮುಗಿಸಬಹುದು. ಹತ್ತು ಜನ, ಎರಡು ಗಂಟೆ: 240. ಕಾಗದದ ಮೇಲೆ ಸರಿಹೋಯಿತು. ಆದರೆ ಏಪ್ರಿಲ್ ಎಂದರೆ ಮದುವೆ, ಜಾತ್ರೆ, ಮಕ್ಕಳ ರಜೆ. ಬರುವುದು ಐದು ಜನ ಎಂದಿಟ್ಟುಕೊಳ್ಳಿ. ಕೆರೆ ಹಿಂದೆ ಸರಿದು ನೀರು 50 ಮೀಟರಿನಿಂದ 200 ಮೀಟರಿಗೆ ಹೋಗಿರುತ್ತದೆ. ಐದು ಜನಕ್ಕೆ 50 ಮೀಟರಿನಲ್ಲೇ 120 ಗಿಡ, ದೂರ ಹೆಚ್ಚಿದರೆ ಅದೂ ಕಷ್ಟ. ಹಾಗಾಗಿ ಈ ವರ್ಷ 100–120ಕ್ಕಿಂತ ಹೆಚ್ಚು ಬೇಡ.

ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಾಲು ಎಬ್ಬಿಸಿದ್ದು ಎಲ್ಲರಿಗೂ ಗೊತ್ತು. ಮೊದಲ ವರ್ಷ ನೆಟ್ಟದ್ದು 10 ಗಿಡ, ಎರಡನೇ ವರ್ಷ 15, ಮೂರನೇ ವರ್ಷ 20. ಬಿಂದಿಗೆಯಲ್ಲಿ ನೀರು ಹೊತ್ತು, ದನ ಮುಟ್ಟದ ಹಾಗೆ ಮುಳ್ಳು ಕಟ್ಟಿ ಉಳಿಸಿದ್ದು. ಭಾಷಣಗಳಲ್ಲಿ 385 ಎಂಬ ಸಂಖ್ಯೆ ಮಾತ್ರ ಕೇಳಿಸುತ್ತದೆ, ಈ 10–15–20 ಕೇಳಿಸುವುದಿಲ್ಲ.

ಕೆರೆದಂಡೆ

ಈ ಕೆರೆಗೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಿಂದ ಸಂಸ್ಕರಿಸಿ ಹರಿಸುವ ಕೊಳಚೆ ನೀರು) ಬರುತ್ತದೆ ಸರ್, ಬೇಸಿಗೆಯಲ್ಲೂ ಪೂರ್ತಿ ಬತ್ತುವುದಿಲ್ಲ. ವಾರಕ್ಕೊಮ್ಮೆ 15 ಲೀಟರ್ ಕೊಡುವ ಬದಲು ದಿನ ಬಿಟ್ಟು ದಿನ ಎರಡು ಲೀಟರ್ ಕೊಟ್ಟರೆ ಆಗುವುದಿಲ್ಲವೇ? ಮಕ್ಕಳೂ ಬಾಟಲಿಯಲ್ಲಿ ಹಾಕಬಹುದು.

ಗುದ್ದಲಿಪೂಜೆ

ಎರಡು ಲೀಟರ್ ಹಾಕಿದರೆ ಮೇಲಿನ ಮೂರು ನಾಲ್ಕು ಇಂಚು ಒದ್ದೆಯಾಗುತ್ತದೆ, ಮಾರನೇ ದಿನದ ಬಿಸಿಲಿಗೆ ಅದೂ ಆರುತ್ತದೆ. ಬೇರು ತೇವ ಇದ್ದ ಕಡೆ ಹೋಗುವುದರಿಂದ ಮೇಲ್ಪದರದಲ್ಲೇ ಹರಡಿಕೊಳ್ಳುತ್ತದೆ. ಆಮೇಲೆ ಒಂದು ವಾರ ನೀರು ತಪ್ಪಿದರೂ ಗಿಡ ಬಾಡುತ್ತದೆ. ಒಮ್ಮೆಗೇ 15 ಲೀಟರ್ ಕೊಟ್ಟರೆ ತೇವ ಒಂದೂವರೆ ಅಡಿ ಇಳಿಯುತ್ತದೆ.

ಪರೀಕ್ಷೆ ಸುಲಭ. ನೀರು ಹಾಕಿದ ಮರುದಿನ, ಬೆರಳಿಗಿಂತ ತೆಳ್ಳಗಿನ ಕಬ್ಬಿಣದ ಸರಳನ್ನು ಪಾತಿಯ ಅಂಚಿನಲ್ಲಿ ಕೈಬಲದಿಂದ ಒತ್ತಿ. ತೇವ ಇರುವ ತನಕ ಇಳಿಯುತ್ತದೆ, ಒಣ ಮಣ್ಣು ಸಿಕ್ಕಲ್ಲಿ ನಿಲ್ಲುತ್ತದೆ. ಒಂದಡಿಯೊಳಗೇ ನಿಂತರೆ ನೀರು ಸಾಲದು, ಅಥವಾ ಪಾತಿಯಿಂದ ಹರಿದು ಹೋಗಿದೆ.

ಎರಡನೇ ಬೇಸಿಗೆ: 25 ಲೀಟರ್, 12–15 ದಿನಕ್ಕೊಮ್ಮೆ. ಮೂರನೇ ಬೇಸಿಗೆ: 40 ಲೀಟರ್, ತಿಂಗಳಿಗೊಮ್ಮೆ. ಪ್ರತಿ ವರ್ಷ ಪಾತಿ ಅಗಲವಾಗಬೇಕು. ಮೊದಲ ವರ್ಷ ಮೂರಡಿ ಅಡ್ಡಗಲ, ಮೂರನೇ ವರ್ಷಕ್ಕೆ ಐದಡಿ. ನೀರನ್ನು ಕಾಂಡದ ಬುಡಕ್ಕೆ ಸುರಿಯಬೇಡಿ, ಪಾತಿಯ ಹೊರ ಅಂಚಿಗೆ ಹಾಕಿ. ಬೇರಿನ ತುದಿ ಇರುವುದು ಅಲ್ಲಿ.

ನಿಮ್ಮ ಪಟ್ಟಿಯ ಐದನೇ ಸಾಲು, "ಆಮೇಲೆ ಗಿಡ ತನ್ನ ಪಾಡಿಗೆ ಬೆಳೆಯುತ್ತದೆ", ಅದನ್ನು ತೆಗೆದೇಬಿಡಿ. ಎರಡನೇ ಬೇಸಿಗೆಯಲ್ಲಿ ಸಾಯುವ ಗಿಡ ಕಮ್ಮಿಯಲ್ಲ. ಮೊದಲ ವರ್ಷ ಎಲ್ಲರೂ ನೋಡುತ್ತಾರೆ, ಎರಡನೇ ವರ್ಷ ಹೊಸ ನಾಟಿಯ ಉತ್ಸಾಹದಲ್ಲಿ ಹಳೆಯದನ್ನು ಯಾರೂ ತಿರುಗಿ ನೋಡುವುದಿಲ್ಲ.

ಉತ್ತರೆಮಳೆ

ಜೂನ್ 5ರ ವಿಷಯ. ಅದು ಪರಿಸರ ದಿನ, ಕೋಲಾರದ ಮಳೆಯ ದಿನವಲ್ಲ. ಮಲೆನಾಡು, ಕರಾವಳಿಗೆ ಮೃಗಶಿರ ಮಳೆಯಲ್ಲೇ, ಅಂದರೆ ಜೂನ್ ಎರಡನೇ–ಮೂರನೇ ವಾರದಲ್ಲೇ, ನಾಟಿ ಸರಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪೂರ್ವ ಭಾಗದಲ್ಲಿ ಮೇ ತಿಂಗಳ ಗುಡುಗು ಮಳೆ ಆದ ಮೇಲೆ ಜೂನ್–ಜುಲೈ ಬರೀ ಗಾಳಿ, ಮೋಡ, ತುಂತುರು. ಮಳೆ ಗಟ್ಟಿಯಾಗುವುದು ಆಗಸ್ಟ್ ನಡುವಿನಿಂದ. ಸೆಪ್ಟೆಂಬರ್–ಅಕ್ಟೋಬರ್ ಇಲ್ಲಿಯ ನಿಜವಾದ ಮಳೆಗಾಲ. ಜೂನ್ 5ಕ್ಕೆ ನೆಟ್ಟ ಗಿಡ ಆರಿದ್ರಾ, ಪುನರ್ವಸು ಎರಡೂ ಮಳೆಯಲ್ಲಿ (ಜೂನ್ ಮೂರನೇ ವಾರದಿಂದ ಜುಲೈ ಮೂರನೇ ವಾರದವರೆಗೆ) ಗಾಳಿ ತಿಂದು ಒಣಗಿ ನಿಂತಿರುತ್ತದೆ.

ಹೀಗೆ ಮಾಡಿ. ಗುಂಡಿಯನ್ನು ಏಪ್ರಿಲ್–ಮೇ ತಿಂಗಳಲ್ಲೇ ತೆಗೆದು ಬಿಡಿ. ಮುಂಗಾರಿನ ನೀರು ಕುಡಿದು ಗರಸು ಸಡಿಲವಾಗುತ್ತದೆ. ಜುಲೈನಲ್ಲಿ ಮಳೆ ಕೈಕೊಟ್ಟಾಗ ಎರಡು ಮೂರು ಸಲ ನೀರು ಕೊಡುವ ವ್ಯವಸ್ಥೆ ಇದ್ದರೆ ಆರಿದ್ರಾ ಕಳೆದ ಮೇಲೆ, ಜುಲೈ ಮೊದಲ ವಾರ ದಾಟಿ, ನೆಡಿ, ಬೇರಿಗೆ ಹೆಚ್ಚು ಕಾಲ ಸಿಗುತ್ತದೆ. ವ್ಯವಸ್ಥೆ ಇಲ್ಲವೆಂದರೆ ಪುಷ್ಯ–ಆಶ್ಲೇಷಾ, ಅಂದರೆ ಜುಲೈ 20ರಿಂದ ಆಗಸ್ಟ್ 15ರೊಳಗೆ. ಕ್ಯಾಲೆಂಡರ್ ಏನೇ ಹೇಳಲಿ, ಗುಂಡಿಯ ಪಕ್ಕದ ಮಣ್ಣು ಒಂದಡಿ ಆಳ ಒದ್ದೆಯಾಗಿರಬೇಕು. ಹಸ್ತ ಮಳೆ (ಸೆಪ್ಟೆಂಬರ್ ಕೊನೆ) ಶುರುವಾದ ಮೇಲೆ ಹೊಸ ನಾಟಿ ಬೇಡ. ಬೇರು ಹಿಡಿಯುವಷ್ಟರಲ್ಲಿ ಚಳಿ, ಒಣಗಾಳಿ ಬರುತ್ತದೆ.

ಫೋಟೋಗೆ ಗಿಡ ಬೇಕೇಬೇಕು ಎನ್ನುವವರಿಗೆ ಜೂನ್ 5ರಂದು ಐದು ಗಿಡ ನೆಡಿಸಿ ಕಳಿಸಿ.

ನರ್ಸರಿಚೀಲ

ಗುಂಡಿ ಮತ್ತು ನಾಟಿ ಬಗ್ಗೆ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾಲ್ಕೈದು ಅಡಿ ಗಿಡಕ್ಕೆ, ಅದರಲ್ಲೂ ಕೆಳಗೆ ಗರಸು ಇದ್ದರೆ, ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಗುಂಡಿ ಚೌಕವಾಗಿರಲಿ. ಜೆಸಿಬಿಗೆ ಡ್ರಿಲ್ ಜೋಡಿಸಿ ತೆಗೆದ ಗುಂಡುಗುಂಡಿಯ ಗೋಡೆ ಗಾರೆ ಬಳಿದ ಹಾಗೆ ನುಣುಪಾಗಿರುತ್ತದೆ, ಬೇರು ಅದನ್ನು ತೂರದೆ ಒಳಗೇ ಸುತ್ತುತ್ತದೆ. ಹಾಗೆ ತೆಗೆಸಿದ್ದರೆ ಹಾರೆಯಿಂದ ಗೋಡೆಯನ್ನು ಅಲ್ಲಲ್ಲಿ ಕೆದಕಿ. ಅಗೆಯುವಾಗ ಮೇಲಿನ ಅರ್ಧ ಅಡಿ ಮಣ್ಣನ್ನು ಒಂದು ಕಡೆ, ಕೆಳಗಿನ ಗರಸನ್ನು ಇನ್ನೊಂದು ಕಡೆ ಹಾಕಿ. ತುಂಬುವಾಗ ಮೇಲ್ಮಣ್ಣು ಕೆಳಕ್ಕೆ, ಗರಸು ಮೇಲಕ್ಕೆ. ಪಾತಿಯ ಏರು ಕಟ್ಟಲು ಗರಸೇ ಒಳ್ಳೆಯದು.

ಅರ್ಧ ಸಗಣಿ ಖಂಡಿತ ಬೇಡ. ಹಸಿ ಸಗಣಿ ಗುಂಡಿಯೊಳಗೆ ಕೊಳೆಯುವಾಗ ಬಿಸಿಯಾಗಿ ಬೇರು ಸುಡುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಪೂರ್ತಿ ಕೊಳೆತ ಗೊಬ್ಬರವನ್ನೇ ಅಷ್ಟು ಹಾಕಿದರೂ ತೊಂದರೆ ಇದೆ. ಅದು ಆರು ತಿಂಗಳಲ್ಲಿ ಕುಗ್ಗುತ್ತದೆ, ಗಿಡ ಮೂರು ನಾಲ್ಕು ಇಂಚು ಕೆಳಕ್ಕೆ ಕುಸಿಯುತ್ತದೆ, ಬುಡದ ಸುತ್ತ ನೀರು ನಿಂತು ತೊಗಟೆ ಕೊಳೆಯುತ್ತದೆ. ಗುಂಡಿಗೆ ಒಂದು ಮಂಕರಿ, ಸುಮಾರು 5–8 ಕೆಜಿ, ಪುಡಿಪುಡಿಯಾದ ಕೊಟ್ಟಿಗೆ ಗೊಬ್ಬರ. 250 ಗ್ರಾಂ ಬೇವಿನ ಹಿಂಡಿ. ಹಿಂಡಿಯನ್ನು ಮಣ್ಣಿಗೆ ಬೆರೆಸಿ, ಒಂದೇ ಕಡೆ ಸುರಿಯಬೇಡಿ. ನಮ್ಮ ನೆಲದ ಗಿಡಗಳಿಗೆ ಅಷ್ಟು ಸಾಕು.

ನಾಟಿಯ ಹಿಂದಿನ ಸಂಜೆ ಚೀಲಕ್ಕೆ ನೀರು ಹಾಕಿ. ಒಣಗಿದ ಮಣ್ಣಿನ ಮುದ್ದೆ ಚೀಲ ಸೀಳಿದ ಕೂಡಲೇ ಉದುರುತ್ತದೆ, ಎಳೆ ಬೇರೆಲ್ಲ ಹರಿಯುತ್ತದೆ. ಗಿಡವನ್ನು ಕಾಂಡ ಹಿಡಿದು ಎತ್ತಬಾರದು, ಚೀಲದ ತಳಕ್ಕೆ ಕೈಕೊಟ್ಟು ಎತ್ತಬೇಕು. ಬ್ಲೇಡಿನಿಂದ ಚೀಲವನ್ನು ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಿರಿ. "ತಳ ಮಾತ್ರ ಕತ್ತರಿಸಿ, ಪಕ್ಕ ಇರಲಿ" ಎನ್ನುವವರ ಮಾತು ಕೇಳಬೇಡಿ, ಪ್ಲಾಸ್ಟಿಕ್ ಹತ್ತು ವರ್ಷ ಕಳೆದರೂ ಅಲ್ಲೇ ಇರುತ್ತದೆ. ಬೇರು ತಳದಲ್ಲಿ ಸಿಂಬಿ ಸುತ್ತಿಕೊಂಡಿದ್ದರೆ ಕೆಳಗಿನ ಒಂದು ಇಂಚು ಕತ್ತರಿಸಿ ತೆಗೆದು, ಮುದ್ದೆಯ ಪಕ್ಕಕ್ಕೆ ಮೂರು ಕಡೆ ಮೇಲಿಂದ ಕೆಳಕ್ಕೆ ಅರ್ಧ ಇಂಚು ಆಳ ಗೀರಿ. ಗಿಡಕ್ಕೆ ನೋವಾಗುತ್ತದೆಂದು ಇದನ್ನು ಬಿಟ್ಟರೆ, ಐದಾರು ವರ್ಷಕ್ಕೆ ಮರದಂತೆ ಕಾಣುವ ಗಿಡ ಒಂದು ಗಾಳಿಗೆ ಬುಡಸಮೇತ ಬೀಳುತ್ತದೆ. ಆಗ ನೋಡಿದರೆ ಬೇರು ಇನ್ನೂ ಚೀಲದ ಆಕಾರದಲ್ಲೇ ಇರುತ್ತದೆ.

ಆಳ: ಚೀಲದಲ್ಲಿ ಮಣ್ಣು ಎಲ್ಲಿತ್ತೋ ನೆಲದ ಮಟ್ಟವೂ ಅಲ್ಲಿಗೇ. ಸುತ್ತ ಮಣ್ಣು ತುಂಬಿ ಹಿಮ್ಮಡಿಯಿಂದ ಒತ್ತಿ, ಮುದ್ದೆಯ ಮೇಲೆ ಕಾಲಿಡಬೇಡಿ. ಮಳೆ ಸುರಿಯುತ್ತಿದ್ದರೂ ನೆಟ್ಟ ತಕ್ಷಣ 15–20 ಲೀಟರ್ ನೀರು ಕೊಡಿ. ಮಣ್ಣಿನೊಳಗಿನ ಗಾಳಿಯ ಸಂದು ಮುಚ್ಚಲು ಅದು ಬೇಕು.

ಕೊನೆಯದು, ನರ್ಸರಿಯಲ್ಲಿ ಆರಿಸುವಾಗ ಎತ್ತರ ನೋಡಿ ಮೋಸಹೋಗಬೇಡಿ. 5×8 ಚೀಲದಲ್ಲಿ ಐದಡಿ ಗಿಡ ಎಂದರೆ ಬೇರು ಸುತ್ತಿಕೊಂಡಿದೆ ಎಂದೇ ಅರ್ಥ. ಅದರ ಬದಲು 8×12 ಚೀಲದ ಮೂರಡಿ ಗಿಡ, ಬುಡ ಹೆಬ್ಬೆರಳಿನಷ್ಟು ದಪ್ಪ ಇರುವುದು ಮೇಲು. ಚೀಲದಿಂದ ಬೇರು ನೆಲಕ್ಕೆ ಇಳಿದಿದ್ದರೆ, ಎತ್ತುವಾಗ ಅದು ತುಂಡಾಗುತ್ತದೆ. ಅಂಥ ಗಿಡವನ್ನು ಎರಡು ವಾರ ಅರೆನೆರಳಲ್ಲಿಟ್ಟು, ಚಿಗುರು ಬಾಡದೆ ನಿಂತ ಮೇಲೆ ನೆಡಿ.

ಎರೆಹೊಲ

ನರ್ಸರಿಚೀಲ ಅವರು ಹೇಳಿದ್ದು ಕೆಂಪು ಮಣ್ಣಿಗೆ ಬರೋಬ್ಬರಿ ಅದ. ನಮ್ಮ ಧಾರವಾಡ, ಗದಗ ಕಡೆ ಎರೆಮಣ್ಣಿಗೆ ಇದನ್ನ ಹಂಗೇ ಹಚ್ಚಬ್ಯಾಡ್ರಿ. ಎರೆಯೊಳಗ ಎರಡಡಿ ಗುಂಡಿ ತಗದು ಸಡಿಲ ಮಣ್ಣು ತುಂಬಿದ್ರ ಮಳಿಗಾಲದಾಗ ಅದು ಬಾವಿ ಆಗ್ತದ, ಬೇರು ಉಸಿರುಗಟ್ಟಿ ಸಾಯ್ತದ. ಅಲ್ಲೆ ನೆಲಕ್ಕಿಂತ ಒಂದಡಿ ಏರು ಮಾಡಿ, ಆ ದಿಬ್ಬದ ಮ್ಯಾಲ ನೆಡಬೇಕು. ಮಳಿ ಜೋರಿದ್ದಾಗ ಪಾತಿಯ ಒಂದು ಬದಿ ಒಡದು ನೀರು ಹೋಗಾಕ ದಾರಿ ಬಿಡ್ರಿ.

ಬ್ಯಾಸಗಿಯೊಳಗ ಉಲ್ಟಾ. ನೆಲ ಬಿರುಕು ಬಿಟ್ಟು ಎಳೆ ಬೇರು ಹರೀತಾವ, ಬಿರುಕಿನಿಂದ ಒಳಗಿನ ಹಸಿನೂ ಆರಿ ಹೋಗ್ತದ. ಜನೆವರಿಯೊಳಗ ಬುಡದ ಸುತ್ತ ಎರಡು ಇಂಚು ಕೆದರಿ ಪುಡಿಮಣ್ಣು ಮಾಡಿ ಬಿರುಕು ಮುಚ್ರಿ, ಮ್ಯಾಲೆ ಒಣ ಎಲಿ, ಹುಲ್ಲಿನ ಹೊದಿಕಿ ಹಾಕ್ರಿ. ನೀರು 10–12 ದಿನಕ್ಕೊಮ್ಮೆ ಸಾಕು. ಜಾತಿ ಅಂದ್ರ ಬನ್ನಿ, ಕರಿಜಾಲಿ, ಬೇವು. ಹೊನ್ನೆ ಇಲ್ಲೆ ಬ್ಯಾಡ, ಅದಕ್ಕ ನೀರು ಬಸಿದು ಹೋಗೋ ನೆಲ ಬೇಕು.

ಮೇಕೆಮಂದೆ

ಬೇಲಿ ಬಗ್ಗೆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲವಲ್ಲ! ಕೆರೆಯಂಗಳ ಎಂದರೆ ಮೇಕೆ ಮೇಯುವ ಜಾಗ. ಮೇಕೆ ಹಿಂಗಾಲ ಮೇಲೆ ನಿಂತರೆ ಐದಾರು ಅಡಿ ಎತ್ತರ ಮುಟ್ಟುತ್ತದೆ. ಗಿಡದ ಸುತ್ತ ನಾಲ್ಕಡಿಯ ಕಬ್ಬಿಣದ ಗಾರ್ಡ್ ಇದ್ದೂ ತುದಿ ಕಳೆದುಕೊಂಡ ಅರಳಿ ಗಿಡಗಳು ಎಷ್ಟು ಬೇಕು? ಆಲ, ಅರಳಿ, ಅತ್ತಿ, ಬಾಗೆ ಇವನ್ನು ಮೇಕೆ ಹುಡುಕಿಕೊಂಡು ಬಂದು ತಿನ್ನುತ್ತದೆ. ಬೇವನ್ನೂ ಬಿಡುವುದಿಲ್ಲ. ಹೊಂಗೆ, ಕಕ್ಕೆ, ಮುತ್ತುಗಕ್ಕೆ ಬಾಯಿ ಹಾಕುವುದು ಕಮ್ಮಿ. ಆದ್ದರಿಂದ ಗಾರ್ಡ್ ಎಷ್ಟಿದೆಯೋ ಅಷ್ಟನ್ನೂ ಮೊದಲು ಆಲದ ಜಾತಿಗಳಿಗೆ ಕೊಡಿ, ಹೊಂಗೆಗೆ ಮುಳ್ಳು ಸಾಕು.

ಮುಳ್ಳಿಗೆ ಬಳ್ಳಾರಿ ಜಾಲಿ ಕಡಿಯುತ್ತೀರಿ. ಕಡಿಯಿರಿ, ಅದಕ್ಕಿಂತ ಒಳ್ಳೆಯ ಉಪಯೋಗ ಅದಕ್ಕಿಲ್ಲ. ಆದರೆ ಕಾಯಿ ಬಿಟ್ಟ ಕೊಂಬೆ ತರಬೇಡಿ. ಕಾಯಿ ಉದುರಿ, ಮೇಕೆ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಅದೇ ಹುಟ್ಟುತ್ತದೆ. ಕೊಂಬೆಯ ಬುಡ ಕೆಳಗೆ, ತುದಿ ಹೊರಗೆ ಬಾಗುವ ಹಾಗೆ ಸುತ್ತ ನಿಲ್ಲಿಸಿ, ನೆಲದಿಂದ ಎರಡಡಿ ಎತ್ತರದಲ್ಲಿ ಒಂದು ಸುತ್ತು ಕಟ್ಟು. ಮುಳ್ಳಿನ ಬೇಲಿ ಆರೆಂಟು ತಿಂಗಳಿಗೆ ಮುರಿದು ಕುಸಿಯುತ್ತದೆ. ಸಂಕ್ರಾಂತಿ ಹೊತ್ತಿಗೆ ಹೊಸದು ಕಟ್ಟಲೇಬೇಕು, ಏಕೆಂದರೆ ಹೊರಗೆ ಹುಲ್ಲು ಒಣಗಿ ಮೇಕೆ ಹಸಿರು ಹುಡುಕುವುದು ಆಗಲೇ.

ಮೇಕೆ ಕಾಯುವವರನ್ನು ಶತ್ರು ಮಾಡಿಕೊಳ್ಳಬೇಡಿ. ಯಾವ ಮೂಲೆ ಈ ವರ್ಷ ಬಿಡಬೇಕು, ಯಾವ ಮೂಲೆ ಮೇಯಿಸಬಹುದು ಎಂದು ಅವರ ಜತೆ ಕೂತು ಗೊತ್ತು ಮಾಡಿ. ದಿನವೂ ಅಲ್ಲಿರುವವರು ಅವರೇ. ಬೆಂಕಿ ಬಿದ್ದರೆ ಮೊದಲು ಫೋನ್ ಮಾಡುವವರೂ ಅವರೇ.

ಹಸಿರುಕೋಲು

ಕೋಲಿನ ವಿಷಯ. ನೈಲಾನ್ ದಾರ, ಕಟ್ಟುತಂತಿ, ಕೇಬಲ್ ಟೈ ಯಾವುದೂ ಬೇಡ. ಗಿಡ ದಪ್ಪವಾಗುತ್ತದೆ, ದಾರ ಹಿಗ್ಗುವುದಿಲ್ಲ; ಎರಡನೇ ಮಳೆಗಾಲದಲ್ಲಿ ತೊಗಟೆಯೊಳಗೆ ಹೂತು, ಒಂದು ದಿನ ಅಲ್ಲಿಗೇ ಮುರಿಯುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಒಂದಿಂಚು ಅಗಲದ ಪಟ್ಟಿ ಮಾಡಿ ಎಂಟರ ಆಕಾರದಲ್ಲಿ, ಕೋಲಿಗೂ ಗಿಡಕ್ಕೂ ನಡುವೆ ತಿರುವು ಬರುವಂತೆ ಕಟ್ಟಿ. ಇಲ್ಲವೇ ತೆಂಗಿನ ನಾರಿನ ಹಗ್ಗ, ಅದು ತಾನೇ ಲಡ್ಡಾಗುತ್ತದೆ.

ಗಿಡ ತಾನೇ ನೆಟ್ಟಗೆ ನಿಲ್ಲುವುದಾದರೆ ಕೋಲೇ ಬೇಡ. ಗಾಳಿಗೆ ಸ್ವಲ್ಪ ಓಲಾಡಿದರೇ ಬುಡ ದಪ್ಪವಾಗುವುದು. ಬೇಕೇಬೇಕಾದರೆ ಗಿಡದ ಎತ್ತರದ ಮೂರನೇ ಒಂದು ಭಾಗದಲ್ಲಿ ಕಟ್ಟಿ, ತುದಿಯಲ್ಲಲ್ಲ. ಕೋಲನ್ನು ಬೇರಿನ ಮುದ್ದೆಗೆ ಚುಚ್ಚದೆ, ಗಾಳಿ ಬೀಸಿ ಬರುವ ಕಡೆ ಒಂದಡಿ ದೂರದಲ್ಲಿ ನೆಡಿ. ಮೊದಲ ವರ್ಷ ತುಂಬಿದ ಕೂಡಲೇ ಬಿಚ್ಚುವುದು ಪಟ್ಟಿಯಲ್ಲಿ ಒಂದು ಕೆಲಸವಾಗಿ ಇರಬೇಕು, ಹೆಸರು ಬರೆದು ಯಾರಿಗಾದರೂ ವಹಿಸಿರಬೇಕು.

ಕಬ್ಬಿಣದ ಗಾರ್ಡಿಗೂ ಇದೇ ಮಾತು. ಕಾಂಡ ಸರಳಿಗೆ ತಾಗುವ ಮೊದಲೇ ತೆಗೆಯಿರಿ. ರಸ್ತೆ ಬದಿಯ ಎಷ್ಟೋ ಮರ ಪ್ರಾಯೋಜಕರ ಹೆಸರಿನ ತಗಡನ್ನೂ ಸೇರಿಸಿ ನುಂಗಿಕೊಂಡಿವೆ.

ಕೆರೆದಂಡೆ

ಕೆರೆ ಏರಿಯ ಮೇಲೆ ಒಂದು ಸಾಲು ಅರಳಿ, ಆಲ ಹಾಕಬೇಕೆಂಬ ಒತ್ತಾಯ ಇದೆ. ವಾಕಿಂಗ್ ಮಾಡುವವರಿಗೆ ನೆರಳಾಗುತ್ತದೆ ಅಂತ.

ತೂಬುಕಲ್ಲು

ಏರಿಯ ಮೇಲೆ ದೊಡ್ಡ ಮರ ಬೇಡ. ಮಣ್ಣಿನ ಏರಿಯೊಳಗೆ ಹೋದ ದಪ್ಪ ಬೇರು ಮುಂದೊಂದು ದಿನ ಸತ್ತು ಕೊಳೆತಾಗ ಕೊಳವೆಯಂಥ ಪೊಳ್ಳು ಉಳಿಯುತ್ತದೆ. ಕೆರೆ ತುಂಬಿದಾಗ ನೀರು ಆ ದಾರಿ ಹಿಡಿದು ಮಣ್ಣನ್ನು ಕೊರೆದುಕೊಂಡು ಹೊರಡುತ್ತದೆ. ಗಾಳಿಗೆ ಮರ ಉರುಳಿದರೆ ಬುಡದ ಜತೆ ಏರಿಯ ಒಂದು ತುಂಡೂ ಕಿತ್ತು ಬರುತ್ತದೆ. ತೂಬು, ಕೋಡಿಯ ಕಲ್ಲುಕಟ್ಟಡದ ಹತ್ತಿರವಂತೂ ಆಲದ ಜಾತಿ ಬೇಡವೇ ಬೇಡ. ಏರಿಯ ಹೊರ ಇಳಿಜಾರಿಗೆ ಹುಲ್ಲು ಸಾಕು. ನೆರಳಿನ ಸಾಲು ಏರಿಯ ಬುಡದಿಂದ ಹೊರಗೆ, ಕನಿಷ್ಠ ಹತ್ತು ಮೀಟರ್ ದೂರದಲ್ಲಿ ಬರಲಿ.

ಇನ್ನೊಂದು. ಕೋಡಿ ಮಟ್ಟವನ್ನು (ಕೆರೆ ತುಂಬಿ ನೀರು ಹೊರಹರಿಯುವ ಮಟ್ಟ) ಗುರುತು ಮಾಡಿಕೊಂಡು ನೆಡಿ. ಕೆರೆ ಹಲವು ವರ್ಷ ಬತ್ತಿದ್ದ ಕಡೆ ಜನ ಅಂಗಳದೊಳಗೇ ನೆಟ್ಟುಬಿಡುತ್ತಾರೆ. 2018ರಿಂದ ಕೆ.ಸಿ. ವ್ಯಾಲಿ ನೀರು ಬರತೊಡಗಿದ ಕೆರೆಗಳಲ್ಲಿ ನೀರಿನ ಅಂಚು ಎಲ್ಲೋ ಮೇಲಕ್ಕೆ ಹೋಗಿದೆ. ತಿಂಗಳುಗಟ್ಟಲೆ ನೀರಲ್ಲಿ ನಿಂತರೆ ಹಿಪ್ಪೆ, ಹೊನ್ನೆ, ಬೇವು ಉಳಿಯುವುದಿಲ್ಲ. ಕೋಡಿ ಮಟ್ಟದ ಅಂಚಿಗೆ ಹೊಳೆಮತ್ತಿ, ಹೊಂಗೆ, ನೇರಳೆ. ಅದಕ್ಕಿಂತ ಮೇಲೆ ಅತ್ತಿ. ಒಣ ದಿಬ್ಬಕ್ಕೆ ಬೇವು, ಹಿಪ್ಪೆ, ಹೊನ್ನೆ, ಕಕ್ಕೆ. ಅಂತರ ಎಂಟು ಮೀಟರ್, ಆಲ–ಅರಳಿಗೆ 15. ಕರೆಂಟ್ ತಂತಿಯ ಕೆಳಗೆ ಕಕ್ಕೆಗಿಂತ ದೊಡ್ಡದು ಯಾವುದೂ ಬೇಡ, ಇಲ್ಲದಿದ್ದರೆ ವರ್ಷವರ್ಷ ತಲೆ ಕತ್ತರಿಸುತ್ತಾರೆ.

ಮಿನಿಕಾಡು

ಇಷ್ಟೆಲ್ಲ ಅಂತರ ಯಾಕೆ? ಮಿಯಾವಾಕಿ ಕ್ರಮದಲ್ಲಿ ಚದರ ಮೀಟರಿಗೆ ಮೂರು ನಾಲ್ಕು ಗಿಡ ಹಾಕಿದರೆ ಮೂರೇ ವರ್ಷಕ್ಕೆ ಕಾಡಾಗುತ್ತದೆ.

ಉತ್ತರೆಮಳೆ

ದಟ್ಟ ಹಸಿರು ಗೋಡೆ ಆಗುತ್ತದೆ, ನಿಜ. ಆದರೆ ನೀರಿನ ಲೆಕ್ಕ ನೋಡಿ. 100 ಚದರ ಮೀಟರಿಗೆ 300–400 ಗಿಡ, ಮೂರು ಬೇಸಿಗೆ ಬಿಡದೆ ನೀರು. ಪೈಪ್ ಹಾಕಿದ ಶಾಲೆಯ ಅಂಗಳ, ಕಾರ್ಖಾನೆಯ ಆವರಣಕ್ಕೆ ಮಾಡಬಹುದು. ಬಕೆಟ್ ಹಿಡಿದ ಎಂಟು ಜನರಿಗೆ ಆಗದ ಮಾತು. ಮೇಲಾಗಿ ಕೋಲಾರದ ಒಣನೆಲದಲ್ಲಿ ಸಹಜವಾಗಿರುವುದು ಬಿಡಿ ಮರ, ಪೊದೆ, ನಡುವೆ ಹುಲ್ಲು. ಹಾಗೆಯೇ ಹೆಸರಘಟ್ಟದಂಥ ಹುಲ್ಲುಗಾವಲಿನಲ್ಲಿ ಗಿಡ ನೆಡುವುದೇ ತಪ್ಪು. ಅಲ್ಲಿ ನೆಲಗೂಡಿನ ಹಕ್ಕಿಗಳಿಗೆ ಬೇಕಾದದ್ದು ಬಯಲು. "ಖಾಲಿ ಜಾಗ" ಕಂಡಲ್ಲೆಲ್ಲ ಗುಂಡಿ ತೋಡುವ ಮೊದಲು ಅಲ್ಲಿ ಈಗಾಗಲೇ ಏನಿದೆ ಎಂದು ನೋಡಬೇಕು.

ನೊಣಜೇನು

ಗೆದ್ದಲಿಗೆ ಬೇವಿನ ಹಿಂಡಿ ಸಾಲುತ್ತದಾ? ಕ್ಲೋರ್‌ಪೈರಿಫಾಸ್ ಕೀಟನಾಶಕ ಕಲಸಿ ಗುಂಡಿಗೆ ಸುರಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಅಂತಾರೆ.

ನರ್ಸರಿಚೀಲ

ಕೆರೆಯ ಪಕ್ಕ ಅದನ್ನು ಮುಟ್ಟಲೇಬೇಡಿ, ಮೀನಿಗೆ ಘೋರ ವಿಷ. ಗೆದ್ದಲು ಸಾಮಾನ್ಯವಾಗಿ ಒಣಗಿದ ತೊಗಟೆ, ಸತ್ತ ಬೇರು ತಿನ್ನಲು ಬರುತ್ತದೆ. ನೀರು ಸಿಗದೆ ಸೊರಗಿದ ಗಿಡವೇ ಮೊದಲ ಬಲಿ. ಕಾಂಡದ ಮೇಲೆ ಮಣ್ಣಿನ ಪೊರೆ ಕಂಡರೆ ಕೈಯಿಂದ ಉಜ್ಜಿ ಬೀಳಿಸಿ, ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಆ ದಿನ ನೀರು, ಪಾತಿಗೆ ಎರಡು ಹಿಡಿ ಹಿಂಡಿ. ವಾರ ಬಿಟ್ಟು ಮತ್ತೆ ನೋಡಿ. ಹೊದಿಕೆ ಕಾಂಡಕ್ಕೆ ತಾಗಿಕೊಂಡಿದ್ದರೆ ಗೆದ್ದಲಿಗೆ ಅದೇ ಏಣಿ. ಒಣ ಎಲೆ, ಹುಲ್ಲು, ಕಬ್ಬಿನ ತರಗು ಏನೇ ಹಾಕಿ, ಮೂರು ನಾಲ್ಕು ಇಂಚು ದಪ್ಪ ಇರಲಿ, ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ.

ಬೇವಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗಾಬರಿಯಾಗಿ ಫೋಟೋ ಹಾಕುತ್ತೀರಿ. ಆಗಸ್ಟ್‌ನಿಂದ ಡಿಸೆಂಬರ್ ತನಕ ಬೇವಿನ ಕುಡಿಗಳು ಸುಟ್ಟ ಹಾಗೆ ಕಂದಾಗಿ ಒಣಗುತ್ತವೆ. ಶಿಲೀಂಧ್ರದ ತುದಿಒಣಗು ರೋಗ ಒಂದು ಕಾರಣ, ಟೀ ಸೊಳ್ಳೆ ಎಂಬ ರಸ ಹೀರುವ ತಿಗಣೆ ಇನ್ನೊಂದು. ಹೆಚ್ಚಿನ ಗಿಡ ಬೇಸಿಗೆಯಲ್ಲಿ ಮತ್ತೆ ಚಿಗುರುತ್ತವೆ. ಒಣಗಿದ ಕುಡಿಯನ್ನು, ಹಸಿರು ಶುರುವಾಗುವಲ್ಲಿಂದ ಎರಡು ಇಂಚು ಕೆಳಗೆ ಕತ್ತರಿಸಿ ಸುಟ್ಟುಬಿಡಿ. ಹೊಂಗೆ ಎಲೆಯ ಮೇಲೆ ಗುಳ್ಳೆಗಳೆದ್ದರೆ ಏನೂ ಮಾಡಬೇಕಿಲ್ಲ. ಅದು ನುಸಿ, ಮರ ಸಾಯುವುದಿಲ್ಲ.

ಮಲೆಬೆಟ್ಟ

ನಮ್ಮ ಮಲೆನಾಡಿಗೆ ನೀರಿನ ಲೆಕ್ಕಕ್ಕಿಂತ ಕಳೆಯ ಲೆಕ್ಕ ದೊಡ್ಡದು. ಆಗಸ್ಟ್ ಮತ್ತು ಅಕ್ಟೋಬರ್‌ನಲ್ಲಿ ಎರಡು ಸಲ ಬುಡದ ಸುತ್ತ ಮೂರಡಿ ಬಿಡಿಸಲೇಬೇಕು. ಧೂಪ, ಸುರಗಿಯಂಥವು ಎಳೆತನದಲ್ಲಿ ನೆರಳು ಬೇಡುತ್ತವೆ, ಪೂರ್ತಿ ಬೋಳು ಬೆಟ್ಟದಲ್ಲಿ ಹಾಕಿದರೆ ಎಲೆ ಸುಟ್ಟುಹೋಗುತ್ತದೆ. ಇರುವ ಪೊದೆಯ ಮಗ್ಗುಲಲ್ಲೇ ಕೂರಿಸಿ. ಡಿಸೆಂಬರ್ ಕೊನೆಗೆ, ಬೆಂಕಿ ದಾಟಿ ಬಾರದ ಹಾಗೆ ಬೆಂಕಿ ರೇಖೆ, ಮೂರು ಮೀಟರ್ ಅಗಲ, ತರಗು ಪೂರ್ತಿ ಗುಡಿಸಿ. ಬೆಂಕಿ ರೇಖೆ ನಿಮ್ಮ ಕೆರೆಯಂಗಳಕ್ಕೂ ಬೇಕು. ಒಣಹುಲ್ಲಿಗೆ ಬೀಡಿಯ ಕಿಡಿ ಸಾಕು.

ಕಳೆ ತೆಗೆಯಲು ಯಂತ್ರ ಬಾಡಿಗೆಗೆ ತರುವವರಿಗೆ: ಬುಡದಿಂದ ಎರಡಡಿಯೊಳಗೆ ಬ್ರಷ್ ಕಟ್ಟರ್ ಬರಕೂಡದು. ಅದರ ದಾರ ಒಂದು ಸುತ್ತು ತಾಗಿದರೆ ತೊಗಟೆ ಉಂಗುರದ ಹಾಗೆ ಸೀಳಿ ಹೋಗುತ್ತದೆ. ಗಿಡ ಸಾಯುವುದು ತಿಂಗಳ ನಂತರ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಎಲ್ಲರೂ ಗೆದ್ದಲನ್ನು ಬೈಯುತ್ತಾರೆ. ಬುಡಕ್ಕೆ ಕೈ ಕುಡುಗೋಲೇ ಸರಿ.

ಹೊಲದಬದು

ಕೆರೆಗೆ ತಾಗಿ ನಮ್ಮ ಪಟ್ಟಾ ಜಮೀನಿದೆ. ಅದರ ಬದುವಿಗೂ ಇದೇ ಗಿಡ ಹಾಕಬೇಕೆಂದಿದ್ದೇವೆ. ಅರಣ್ಯ ಇಲಾಖೆಯಿಂದ ಏನಾದರೂ ಸಿಗುತ್ತದಾ? ಶ್ರೀಗಂಧ ಸೇರಿಸಬಹುದಾ?

ತೂಬುಕಲ್ಲು

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನೋಡಿ. ನಾಟಿಗೆ ಮೊದಲೇ ವಲಯ ಅರಣ್ಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಅಲ್ಲಿಯ ನರ್ಸರಿಯಿಂದಲೇ ಗಿಡ ಒಯ್ಯಬೇಕು. ಬದುಕಿದ ಗಿಡವೊಂದಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ ಹಣ. ಅದೂ ಮೂರನೇ ವರ್ಷಕ್ಕೆ ಹೆಚ್ಚು. ಸ್ವಂತ ಜಮೀನಿಗೆ ಮಾತ್ರ, ಕೆರೆಯಂಗಳಕ್ಕೆ ಅನ್ವಯಿಸುವುದಿಲ್ಲ. ಅರ್ಜಿ ಹಾಕುವ ಮುನ್ನ ಈ ವರ್ಷದ ದರವನ್ನು ಕಚೇರಿಯಲ್ಲೇ ಕೇಳಿಕೊಳ್ಳಿ.

ಶ್ರೀಗಂಧ ಒಂಟಿಯಾಗಿ ಬೆಳೆಯುವುದಿಲ್ಲ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಜೋಡಿಸಿ ನೀರು, ಸತ್ವ ಹೀರುತ್ತದೆ. ಗುಂಡಿಯಲ್ಲೇ ಗಿಡದಿಂದ ಒಂದಡಿ ದೂರ ನಾಲ್ಕು ತೊಗರಿ ಕಾಳು ಹಾಕಿ, ಮೂರು ನಾಲ್ಕು ಮೀಟರ್‌ನಲ್ಲಿ ಹೊಂಗೆ ಇರಲಿ. ತೊಗರಿ ಮೇಲೇರಿ ನೆರಳು ಕವಿದರೆ ತುದಿ ಚಿವುಟಿ. ಕಾವಲಿಲ್ಲದ ಸಾರ್ವಜನಿಕ ಜಾಗಕ್ಕೆ ಶ್ರೀಗಂಧ ಬೇಡ. ಯಾಕೆಂದು ಹೇಳಬೇಕಿಲ್ಲ.

ಗುದ್ದಲಿಪೂಜೆ

ಪಟ್ಟಿಯ ಐದನೆಯದಕ್ಕೆ ಬರುತ್ತೇನೆ, "ಒಣಗಿದ್ದನ್ನು ಕೀಳುವುದು". ಇದರಲ್ಲಿ ಬದುಕಿರುವ ಗಿಡಗಳನ್ನೇ ಕಿತ್ತೆಸೆಯುವುದು ಹೆಚ್ಚು. ಹೊನ್ನೆ, ಮುತ್ತುಗ, ಕಕ್ಕೆ ಬೇಸಿಗೆಯಲ್ಲಿ ಎಲೆ ಕಳಚಿ ಬರೀ ಕಡ್ಡಿಯಾಗಿ ನಿಲ್ಲುತ್ತವೆ. ಅದು ಅವುಗಳ ಸ್ವಭಾವ. ಹೊನ್ನೆಯಂತೂ ಮೊದಲ ವರ್ಷಗಳಲ್ಲಿ ತುದಿಯಿಂದ ಬುಡದವರೆಗೂ ಒಣಗಿ, ಮಳೆ ಬಂದಾಗ ನೆಲಮಟ್ಟದಿಂದ ಹೊಸ ಕುಡಿ ಹೊರಡಿಸಬಹುದು. ಮೇ ತಿಂಗಳಲ್ಲಿ ಉಗುರಿನಿಂದ ಕೆರೆಯಿರಿ, ತುದಿಯಿಂದ ಶುರುಮಾಡಿ ಬುಡದವರೆಗೆ. ಎಲ್ಲಿ ಹಸಿರು ಕಂಡರೂ ಗಿಡ ಇದೆ. ಬುಡದಲ್ಲೂ ಕಂದಾಗಿದ್ದರೂ ಎರಡು ಒಳ್ಳೆಯ ಮಳೆ ಆಗುವ ತನಕ ಕೀಳಬೇಡಿ. ಬುಡದಿಂದ ಮೂರು ನಾಲ್ಕು ಕುಡಿ ಬಂದರೆ ಒಂದಡಿ ಎತ್ತರವಾದ ಮೇಲೆ ಗಟ್ಟಿಯಾದ ಒಂದನ್ನು ಬಿಟ್ಟು ಉಳಿದದ್ದು ಕತ್ತರಿಸಿ. ಪಕ್ಕದ ಕೊಂಬೆಗಳನ್ನು ಮಾತ್ರ ಎರಡು ವರ್ಷ ಮುಟ್ಟಬೇಡಿ, ಕಾಂಡ ದಪ್ಪವಾಗುವುದು ಅವುಗಳಿಂದಲೇ.

ಎಣಿಕೆ ವರ್ಷಕ್ಕೆ ಎರಡು ಸಲ: ಅಕ್ಟೋಬರ್ ಕೊನೆ ಮತ್ತು ಮೇ ಕೊನೆ. ಅಕ್ಟೋಬರ್ ಸಂಖ್ಯೆ ಎಲ್ಲರದ್ದೂ ಚೆನ್ನಾಗಿರುತ್ತದೆ. ಪ್ರತಿ ಗಿಡಕ್ಕೆ ನಂಬರ್, ಬೇಲಿಯ ಪಕ್ಕದ ಕಲ್ಲಿನ ಮೇಲೆ ಪೇಂಟ್‌ನಲ್ಲಿ. ಕಾಂಡಕ್ಕೆ ಮೊಳೆ ಹೊಡೆಯಬೇಡಿ. ಪುಸ್ತಕದಲ್ಲಿ ಜಾತಿ, ಎತ್ತರ, ಬುಡದ ದಪ್ಪ, ಸ್ಥಿತಿ. ಸತ್ತಿದ್ದರೆ ಕಾರಣವನ್ನೂ ಬರೆಯಿರಿ: ಮೇಕೆ, ಬೆಂಕಿ, ನೀರು, ಯಂತ್ರ, ಗೆದ್ದಲು, ಕಳವು. ಒಂದು ಮೂಲೆಯಲ್ಲಿ "ಮೇಕೆ" ಎಂದು ಹತ್ತು ಸಲ ಬಂದಿದ್ದರೆ ಅಲ್ಲಿಗೆ ಬೇಕಾದದ್ದು ಹೊಸ ಗಿಡವಲ್ಲ, ಬೇಲಿ.

ಕೆರೆದಂಡೆ

120ಕ್ಕೆ ಇಳಿಸಿದ್ದೇವೆ. ನಾಟಿ ಆಗಸ್ಟ್ ಮೊದಲ ವಾರ, ಗುಂಡಿ ಮೇ ತಿಂಗಳಲ್ಲಿ. ಏರಿಯ ಸಾಲು ರದ್ದು. ಒಂದು ಪ್ರಶ್ನೆ ಉಳಿಯಿತು. ಕೆರೆಯ ಆಚೆ ದಡದ 40 ಗಿಡಕ್ಕೆ ನೀರು ದೂರ. ಟ್ಯಾಂಕರ್ ಕರೆಸುವುದಾ, ಮಡಕೆ ಹೂಳುವುದಾ, ಗೂಡ್ಸ್ ಆಟೋದಲ್ಲಿ ಡ್ರಮ್ ಒಯ್ಯುವುದಾ?

ಹಸಿರುಕೋಲು

40 ಗಿಡ × 15 ಲೀಟರ್ = 600 ಲೀಟರ್. ಅದಕ್ಕೆ 5,000 ಲೀಟರ್ ಟ್ಯಾಂಕರ್ ದಂಡ. ಅದರ ದಪ್ಪ ಪೈಪಿನ ರಭಸಕ್ಕೆ ಪಾತಿ ಒಡೆದು ಬೇರು ಮೇಲೆ ಬರುತ್ತದೆ. ಮಡಕೆ ಒಳ್ಳೆಯದೇ, ನೀರು ನಿಧಾನವಾಗಿ ಬೇರಿಗೆ ಜಿನುಗುತ್ತದೆ. ಐದಾರು ಲೀಟರಿನ, ಬಣ್ಣ ಬಳಿಯದ ಮಡಕೆ, ಗಿಡದಿಂದ ಒಂದಡಿ ದೂರ, ಬಾಯಿ ಮಾತ್ರ ಮೇಲೆ, ಸೊಳ್ಳೆ ಬಾರದಂತೆ ಮುಚ್ಚಳ. ಆದರೆ ವಾರಕ್ಕೆ ಎರಡು ಮೂರು ಸಲ ತುಂಬಬೇಕು, ಗಡಸು ನೀರಾದರೆ ಒಂದೆರಡು ವರ್ಷದಲ್ಲಿ ಸೂಕ್ಷ್ಮ ರಂಧ್ರ ಕಟ್ಟಿಕೊಳ್ಳುತ್ತದೆ. ದೂರದ ಗಿಡಕ್ಕೆ ಅಷ್ಟು ಸಲ ಹೋಗುವವರು ಯಾರು?

200 ಲೀಟರಿನ ಮೂರು ಪ್ಲಾಸ್ಟಿಕ್ ಡ್ರಮ್ ಆಟೋದಲ್ಲಿ ನಿಲ್ಲಿಸಿ. ಪ್ರತಿ ಡ್ರಮ್‌ನ ತಳದಿಂದ ಎರಡು ಇಂಚು ಮೇಲೆ ಮುಕ್ಕಾಲು ಇಂಚಿನ ನಲ್ಲಿ, ಅದಕ್ಕೆ ಹತ್ತು ಮೀಟರ್ ತೋಟದ ಪೈಪು. ಪೈಪಿನ ತುದಿಗೆ ಗೋಣಿಚೀಲದ ತುಂಡು ಕಟ್ಟಿದರೆ ಮಣ್ಣು ಕೊರೆಯುವುದಿಲ್ಲ. 15 ಲೀಟರಿನ ಒಂದು ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ಮೊದಲು ನೋಡಿಕೊಂಡು, ಅಷ್ಟು ಹೊತ್ತು ಎಣಿಸಿ ಮುಂದಿನ ಗಿಡಕ್ಕೆ ಸರಿಸಿ. ಡ್ರಮ್ ಖಾಲಿಯಾಗುತ್ತ ಬಂದಂತೆ ಒತ್ತಡ ಇಳಿಯುತ್ತದೆ, ಕೊನೆಯ ಮೂರು ನಾಲ್ಕು ಗಿಡಕ್ಕೆ ಹೆಚ್ಚು ಹೊತ್ತು ಬಿಡಿ. ಔಷಧಿ, ಆಸಿಡ್ ತುಂಬಿದ್ದ ಡ್ರಮ್ ಎಷ್ಟು ಅಗ್ಗಕ್ಕೆ ಸಿಕ್ಕರೂ ತರಬೇಡಿ.

ಕೆರೆದಂಡೆ

ಡ್ರಮ್ ನೋಡುತ್ತೇವೆ. ಆಟೋ ಹೋಗುವ ದಾರಿಗೆ ಹೊಂದುವಂತೆ ಆಚೆ ದಡದ ಗುಂಡಿಗಳ ಗುರುತನ್ನು ಹತ್ತು ಮೀಟರ್ ಒಳಗೇ ಹಾಕಿಸುತ್ತೇನೆ.